ಕಡಲು ತೋರಿಸದ ಮೊಮ್ಮಗಳು

ಸಂತೆಯಲ್ಲಿ ಎತ್ತು ಕೊಳ್ಳಲು ಬಂದವರು ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಎಲ್ಲ ಒಪ್ಪಿಗೆಯಾದ ಮೇಲೂ, "ತಡೀರಿ, ಮೂಡಲಗಿರಿಯಪ್ಪ ಒಂದ್ಮಾತು ಕೇಳ್ಲಿ" ಎನ್ನುವುದಿತ್ತು. ಮೂಡಲಗಿರಿಯಪ್ಪ ಎತ್ತಿನ ಕಡೆ ನೋಡುತ್ತಲೇ ಇರಲಿಲ್ಲ, ಮಾರುವವನ ಮುಖ ನೋಡುತ್ತಿದ್ದ. ಜೋಡಿ ಬಿಟ್ಟು ಒಂದನ್ನೇ ಯಾಕೆ ತಂದೆ, ಹಗ್ಗ ಮಾತ್ರ ಹೊಸದು ಯಾಕೆ, ನಿಮ್ಮೂರ ಪಕ್ಕದಲ್ಲೇ ಸಂತೆ ಇರುವಾಗ ಇಷ್ಟು ದೂರ ಯಾಕೆ ಬಂದೆ ಎಂದು ಮೆತ್ತಗೆ ಕೇಳುತ್ತಿದ್ದ. ಅರ್ಧಕ್ಕರ್ಧ ವ್ಯಾಪಾರ ಅಲ್ಲೇ ಮುರಿದುಬೀಳುತ್ತಿತ್ತು.

ಮಡಕಶಿರದಿಂದ ಪಾವಗಡದ ದಾರಿಯಲ್ಲಿ, ಬೆಟ್ಟ ದಾಟಿದರೆ ಸಿಗುವ ಊರು ಅವನದು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಉದ್ದನೆಯ ಮನೆ, ಮಳೆಗೆ ಬಿಟ್ಟ ಹೊಲದಲ್ಲಿ ಕಡಲೆಕಾಯಿ. ಹುಳದ ಮನೆಗೆ ನೆಂಟರನ್ನೂ ಬಿಡುತ್ತಿರಲಿಲ್ಲ. ಯಾರ ಕಾಲಲ್ಲಿ ಯಾವ ರೋಗ ಬಂತೋ ಎಂದು ಸುಣ್ಣದ ಗೆರೆ ಎಳೆದು ಆಚೆಯೇ ನಿಲ್ಲಿಸಿ ಮಾತಾಡುತ್ತಿದ್ದ. ಒಂದು ವರ್ಷ ಲಾರಿಯಲ್ಲಿ ಕಡಲೆಬೀಜ ತಂದ ದಳ್ಳಾಳಿಯೊಬ್ಬ ಊರಿಗೆಲ್ಲ ಹಂಚಲು ನಿಂತಾಗ, ಚೀಲದ ಬಾಯಿ ಎರಡು ಬಣ್ಣದ ದಾರದಲ್ಲಿ ಹೊಲಿದಿರುವುದನ್ನು ಕಂಡು, "ಒಂದ್ಸಲ ಬಿಚ್ಚಿ ಮತ್ತೆ ಯಾಕಪ್ಪ ಒಲಿದವ್ರೆ" ಎಂದು ಕೇಳಿದವನು ಅವನೇ. ದಳ್ಳಾಳಿ ಗಾಡಿ ತಿರುಗಿಸಿಕೊಂಡು ಪಕ್ಕದ ಊರಿಗೆ ಹೋದ. ಪಕ್ಕದ ಊರಲ್ಲಿ ಆ ವರ್ಷ ಬೀಜ ಮೊಳೆಯಲಿಲ್ಲ. ಅಂದಿನಿಂದ ಜನ ಎದುರಿಗೆ ಕೈ ಮುಗಿದರು, ಹಿಂದೆ ಮಾತ್ರ 'ಅನುಮಾನದಪ್ಪ' ಎಂದೇ ಕರೆದರು.

ಮನೆಯವರಿಗೆ ಇದು ಸುಲಭದ ಬಾಳಾಗಿರಲಿಲ್ಲ. ಹೆಂಡತಿ ದೊಡ್ಡಕ್ಕ ತವರಿಗೆ ಹೋಗಿ ಬಂದರೆ ಬಸ್ಸು ಎಲ್ಲೆಲ್ಲಿ ನಿಂತಿತು ಎಂದು ವಿಚಾರಣೆ. ಮಗ ಗೋವರ್ಧನನ ಗೆಳೆಯರು ಅಂಗಳಕ್ಕೆ ಬರುವುದನ್ನೇ ಬಿಟ್ಟಿದ್ದರು. ಮೊಮ್ಮಗಳು ಹೇಮಶ್ರೀ ಹೈಸ್ಕೂಲಿನಲ್ಲಿ ಸ್ಪೆಷಲ್ ಕ್ಲಾಸಿದೆ ಎಂದರೆ, ತಾತ ಪೇಟೆಗೆ ಹೋದವನಂತೆ ಹೋಗಿ, ಶಾಲೆಯ ಕಿಟಕಿಯಲ್ಲಿ ಇಣುಕಿ ಬರುತ್ತಿದ್ದ. ಒಮ್ಮೆ ಅವಳು ಕಿಟಕಿಯತ್ತ ತಿರುಗಿ, ಇಡೀ ಕ್ಲಾಸಿಗೆ ಕೇಳುವಂತೆ, "ಇವತ್ತು ಗಣಿತ ಕಣ್ ತಾತ, ನಾಳಿಕ್ಕೆ ಸೈನ್ಸು" ಎಂದಳು. ಅವನು ಹೋಗುವುದನ್ನು ಬಿಡಲಿಲ್ಲ. ಅವಳಿಗೂ ಅದು ಅಭ್ಯಾಸವಾಯಿತು.

ಅವಳು ನೆಲ್ಲೂರಿನ ಕಡೆ ಮೀನುಗಾರಿಕೆ ಓದಲು ಸೇರಿದಾಗಲೇ ಅವನಿಗೆ ಅರ್ಧ ಸಂಶಯ. ಓದು ಮುಗಿಯುತ್ತ ಬಂದಾಗ, ಕಡಲ ವಿಜ್ಞಾನ ಓದಲು ಹೊರದೇಶಕ್ಕೆ ಆರಿಸಿದ್ದಾರೆ, ಆಫ್ರಿಕಾದ ಪೂರ್ವಕ್ಕಿರುವ ಜಂಜಿಬಾರ್ ದ್ವೀಪದಲ್ಲಿ ಕಡಲ ದಂಡೆಯಲ್ಲೇ ಇದ್ದು ಸಂಶೋಧನೆ ಮಾಡಬೇಕು, ಖರ್ಚೆಲ್ಲ ಅವರದೇ ಎಂದು ಬಂದು ಹೇಳಿದಾಗ, ಅದು ಪೂರ್ತಿಯಾಯಿತು.

"ಅವ್ರ ಸಮುದ್ರ ನೋಡಕ್ಕೆ ಅವ್ರಲ್ಲಿ ಮಕ್ಳಿಲ್ವಾ?" ಎಂದ. "ನೀರೇ ಕಾಣ್ದಿರೋ ಊರಿಂದ ನಿನ್ನೇ ಯಾಕೆ ಕರೀತಾರೆ?"

"ನಾನೊಬ್ಳೇ ಅಲ್ಲ ತಾತ. ನಮ್ ಕ್ಲಾಸಿನ ರಾಯದುರ್ಗದ ಸೌಜನ್ಯನೂ ಬತ್ತಾಳೆ."

"ಅಲ್ಲೂ ನೀರಿಲ್ಲ."

ಅವನ ತಲೆಯಲ್ಲಿ ಇದ್ದದ್ದು ಬೇರೆ. ಸೀಮೆಯ ಎಷ್ಟೋ ಹೆಣ್ಣುಮಕ್ಕಳನ್ನು ಏಜೆಂಟರು ಅಡುಗೆ ಕೆಲಸ, ಆಸ್ಪತ್ರೆ ಕೆಲಸ ಎಂದು ಹೇಳಿ ವಿಮಾನ ಹತ್ತಿಸಿ, ಅರಬರ ದೇಶದಲ್ಲಿ ಯಾರದೋ ಮನೆಯಲ್ಲಿ ಕೂಡಿಹಾಕಿದ ಕಥೆಗಳನ್ನು ಅವನು ಕೇಳಿದ್ದ. ಕಾಲೇಜಿನ ಮೇಡಂಗೆ ಫೋನು ಹಚ್ಚಿಸಿ ತೆಲುಗಿನಲ್ಲಿ ಬಹಳ ಹೊತ್ತು ಪ್ರಶ್ನೆ ಕೇಳಿದ. ಆಕೆ ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಟ್ಟಳು. ಅಷ್ಟು ಸಮಾಧಾನ ಯಾಕೆ ಎಂದು ಅವನಿಗೆ ಅದೂ ಹಿಡಿಸಲಿಲ್ಲ. ಕೊನೆಗೆ ಮೊಮ್ಮಗಳ ಹಟಕ್ಕೆ ಸೋತು ಒಂದೇ ಕರಾರು ಹಾಕಿದ: ಭಾನುವಾರ ಸಂಜೆ ವಿಡಿಯೋದಲ್ಲಿ ಮಾತಾಡಬೇಕು, ನಿಂತ ಜಾಗವನ್ನು ಸುತ್ತ ತಿರುಗಿಸಿ ತೋರಿಸಬೇಕು.

ಮೊದಲ ವಾರಗಳಲ್ಲಿ ಅವಳು ತೋರಿಸಿದಳು. ನೀಲಿಯೋ ಹಸಿರೋ ಹೇಳಲಾಗದ ನೀರು, ಪಟ ಕಟ್ಟಿದ ದೋಣಿ, ಹವಳದ ದಿಬ್ಬ, ರಬ್ಬರಿನ ಕರಿ ಅಂಗಿ ತೊಟ್ಟು ನಗುವ ಸೌಜನ್ಯ. ಆಕ್ಟೋಪಸ್ಸನ್ನು ಕೈಯಲ್ಲಿ ಎತ್ತಿ ಹಿಡಿದಾಗ ದೊಡ್ಡಕ್ಕ ಫೋನಿನಿಂದ ಹಿಂದೆ ಸರಿದಳು. ಮೂಡಲಗಿರಿಯಪ್ಪ ಕಣ್ಣು ಕಿರಿದು ಮಾಡಿ ಎಲ್ಲವನ್ನೂ ನೋಡಿದ. ಸುಳ್ಳೆನ್ನಲು ಏನೂ ಸಿಗಲಿಲ್ಲ.

ಆಮೇಲೆ ಒಂದು ಭಾನುವಾರ ಫೋನಿನಲ್ಲಿ ಕಡಲು ಕಾಣಲಿಲ್ಲ. ಅವಳ ಹಿಂದೆ ಸುಣ್ಣ ಬಳಿದ ಗೋಡೆಯಷ್ಟೇ ಇತ್ತು.

"ಸಮುದ್ರ ಎಲ್ಲವ್ವ?"

"ಇವತ್ತು ನೆಟ್ಟು ಸರಿಯಾಗಿಲ್ಲ ತಾತ, ದಡದಾಗೆ ಸಿಗ್ನಲ್ ಸಿಗಲ್ಲ."

ಮುಂದಿನ ವಾರವೂ ಅದೇ ಗೋಡೆ. ಅದರ ಮುಂದಿನ ವಾರ ಅವಳು ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಮಾತಾಡುತ್ತಲೇ ಮಡಿಲಲ್ಲಿ ಗೆಣಸಿನಂಥದ್ದೇನೋ ಸುಲಿಯುತ್ತಿದ್ದಳು. ಹಿಂದಿನಿಂದ ಹೆಂಗಸೊಬ್ಬಳ ಗಡಸು ದನಿ ಯಾವುದೋ ಭಾಷೆಯಲ್ಲಿ ಏನೋ ಹೇಳಿತು. ಹೇಮಶ್ರೀ ತಕ್ಷಣ "ಬಂದೆ" ಎನ್ನುವ ಹಾಗೆ ಉತ್ತರ ಕೊಟ್ಟು, "ತಾತ, ಆಮೇಲೆ ಮಾಡ್ತೀನಿ" ಎಂದು ಕಡಿದಳು.

ಮೂಡಲಗಿರಿಯಪ್ಪ ಫೋನನ್ನು ಮಗನ ಕೈಗೆ ಕೊಟ್ಟ. "ನಿನ್ನ ಮಗ್ಳುನ್ನ ಮನೆಕೆಲ್ಸಕ್ಕೆ ಇಟ್ಕಂಡವ್ರೆ" ಎಂದ.

"ಏನಪ್ಪ ನೀನು," ಎಂದ ಗೋವರ್ಧನ. "ಗೆಣಸು ಸುಲಿದ್ರೆ ಮನೆಕೆಲ್ಸನಾ?"

"ಇಲ್ಲಿ ಒಂದಿನ ಈರುಳ್ಳಿ ಸುಲಿದವ್ಳಲ್ಲ ಅವ್ಳು. ಅಲ್ಲಿ ಯಾಕೆ ಸುಲೀತಾಳೆ?"

ದೊಡ್ಡಕ್ಕ ಯಾವಾಗಲೂ ಗಂಡನ ಅನುಮಾನಕ್ಕೆ ನಗುವವಳು, ಅಂದು ನಗಲಿಲ್ಲ. "ಮುಖ ಕರ್ರಗಾಗೈತೆ, ಕಣ್ಣು ಕೆಳಗಿಟ್ಕಂಡೇ ಮಾತಾಡ್ತು" ಎಂದಳು.

ಎರಡು ದಿನ ಬಿಟ್ಟು ಮೂಡಲಗಿರಿಯಪ್ಪ ಹಿಂದೂಪುರದ ಗೂಡಿನ ಮಾರ್ಕೆಟ್ಟಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟವನು ಪಾವಗಡದ ಬಸ್ಸು ಹತ್ತಿದ. ಅಲ್ಲಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ಸೌಜನ್ಯಳ ಅಪ್ಪ ವೆಂಕಟಸ್ವಾಮಿ ಜೀನ್ಸ್ ಪ್ಯಾಂಟು ಹೊಲಿಸುವವನು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಆ ಊರಲ್ಲಿ ಅದು ಗುರುತೇ ಅಲ್ಲ. ಓಣಿ ಓಣಿಯಲ್ಲಿ ಮಿಷನ್ನುಗಳ ಸದ್ದು, ಬಾಗಿಲ ಮುಂದೆ ನೀಲಿ ಬಟ್ಟೆಯ ಚೂರುಗಳ ರಾಶಿ. ನಾಲ್ಕಾರು ಕಡೆ ಕೇಳಿ, 'ಮಗಳು ಫಾರಿನ್ನಿಗೆ ಹೋಗ್ಯಾಳಲ್ಲ, ಆ ವೆಂಕಟಸ್ವಾಮೀನಾ' ಎಂದು ಒಬ್ಬರು ಹೇಳಿದ ಮೇಲೆ ಮನೆ ಸಿಕ್ಕಿತು.

ಬಾಗಿಲಿಗೆ ಬಂದವಳು ಸೌಜನ್ಯಳ ತಾಯಿ ಆದಿಲಕ್ಷ್ಮಮ್ಮ. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು.

"ಸೌಜನ್ಯನ ಮನೆ ಇದೇಯೇನಮ್ಮ? ಉಡುಗಿ ಎಂಗವ್ಳೆ ಅಂತ ಕೇಳಾನ ಅಂತ ಬಂದೆ."

ಆಕೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಯಾರ್ರಿ ನೀವು? ನಮ್ಮ ಹುಡುಗಿ ಸುದ್ದಿ ನಿಮಗ್ಯಾಕ ಬೇಕ್ರಿ?"

ತಾನು ಹೇಮಶ್ರೀಯ ತಾತ ಎಂದ. ಆಕೆ ನಂಬಲಿಲ್ಲ. ಒಳಗಿನಿಂದ ವೆಂಕಟಸ್ವಾಮಿ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಬಂದ. "ಮಡಕಶಿರದಿಂದ ಬಂದೀರಾ? ಒಂದು ಫೋನು ಮಾಡಿದ್ರ ಆಗ್ತಿತ್ತಲ್ರಿ ಯಜಮಾನ್ರ. ಇಷ್ಟು ದೂರ ಬರೋದ್ಯಾಕ?" ಹುಡುಗಿ ಪರದೇಶಕ್ಕೆ ಹೋದಾಗಿನಿಂದ ಸಂಬಂಧ ತರುತ್ತೇವೆ ಎನ್ನುವವರು, ವೀಸಾದ ಕಾಗದ ಬಾಕಿ ಇದೆ ಎನ್ನುವವರು ಒಬ್ಬೊಬ್ಬರಾಗಿ ಬಂದು ಹೋಗಿದ್ದರಂತೆ. ಮೊಮ್ಮಗಳ ಹುಟ್ಟಿದ ಊರು, ಓದಿದ ಶಾಲೆ, ಅವಳ ಅಪ್ಪನ ಹೆಸರು ಎಲ್ಲ ಕೇಳಿದರು. ಮಗಳು ಹೇಳಿ ಗೊತ್ತಿದ್ದ, ಹೇಮಶ್ರೀಯ ಕೈ ಮೇಲೆ ಇರುವ ಸುಟ್ಟ ಕಲೆ ಯಾವುದರಿಂದ ಆದದ್ದು ಎಂದು ಆದಿಲಕ್ಷ್ಮಮ್ಮ ಕೇಳಿದಾಗ, "ದೀಪಾವಳಿ ಊವಿನಕುಂಡ" ಎಂದು ಅವನು ಹೇಳಿದ ಮೇಲೆಯೇ ಬಾಗಿಲು ಪೂರ್ತಿ ತೆರೆಯಿತು.

ಅಷ್ಟು ಹೊತ್ತು ಹೊಸ್ತಿಲ ಆಚೆ ನಿಲ್ಲಿಸಿದ್ದಕ್ಕೆ ಮೂಡಲಗಿರಿಯಪ್ಪನಿಗೆ ಸಿಟ್ಟು ಬರಲಿಲ್ಲ. ಇವರು ಮನೆ ಕಾಯುವ ಜನ ಎಂದು ಒಳಗೊಳಗೇ ಮೆಚ್ಚಿಕೊಂಡ. ಒಗ್ಗರಣೆ ಹಾಕಿದ ಮಂಡಕ್ಕಿ, ಚಹಾ ಬಂದವು.

"ನಿಮ್ಮ ಮಗ್ಳು ಸಮುದ್ರ ತೋರಿಸ್ತಾಳಾ?" ಎಂದು ಕೇಳಿದ.

"ದಿನಾ ದೋಣ್ಯಾಗ ಹೋಗ್ತಾಳ್ರಿ. ಫೋಟೋ ಕಳಸ್ತಾಳ."

"ಜೊತೆಗೆ ನಮ್ಮುಡುಗಿ ಇರ್ತಾಳಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೂಡಲಗಿರಿಯಪ್ಪ ಅದನ್ನು ಕಂಡ. ಸಂತೆಯಲ್ಲಿ ಮಾರುವವರು ಉತ್ತರಕ್ಕೆ ಮುಂಚೆ ಹೀಗೇ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಅವನು ಚಹಾದ ಲೋಟ ಕೆಳಗಿಟ್ಟ.

"ಹೇಳ್ಬಾರ್ದು ಅಂದಿದ್ಳು ಸೌಜನ್ಯ," ಎಂದಳು ಆದಿಲಕ್ಷ್ಮಮ್ಮ. "ನಿಮ್ಮ ಹುಡುಗಿ ದೋಣಿ ಬಿಟ್ಟು ಬಾಳ ದಿನ ಆತ್ರಿ. ಯಾರದೋ ಮನ್ಯಾಗ ಅದಾಳಂತ."

ಅವನು ಊರಲ್ಲಿ ಹೇಳಿದ್ದ ಮಾತೇ ಅದು. ಆದರೂ ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಸುಳ್ಳಾಗಲಿ ಎನಿಸಿತು. ಈಗಲೇ ಸೌಜನ್ಯಳಿಗೆ ಫೋನು ಹಚ್ಚಿ ಎಂದು ಕೂತಲ್ಲೇ ಹಟ ಹಿಡಿದ.

ಸೌಜನ್ಯ ತಾತನ ಮುಖ ಕಂಡು ತಡವರಿಸಿದಳು. ಸುತ್ತಿ ಬಳಸಿ ಮಾತಾಡಿದಳು. ಅವನು ಬಿಡಲಿಲ್ಲ. ಕೊನೆಗೆ ಹೇಳಿದಳು. ಹವಳದ ದಿಬ್ಬ ದಾಟುವಾಗ ಅಲೆ ಬಡಿದು ದೋಣಿ ಮಗುಚಿತ್ತು. ಎಲ್ಲರೂ ಎದ್ದರು, ಹೇಮಶ್ರೀ ದೋಣಿಯ ಅಡಿಗೆ ಸಿಕ್ಕಿದ್ದಳು. ಎಳೆದು ತೆಗೆದರು, ಗಾಯವೇನೂ ಆಗಲಿಲ್ಲ. ಆದರೆ ಅಂದಿನಿಂದ ಸೊಂಟದವರೆಗೆ ನೀರು ಬಂದರೆ ಸಾಕು, ಅವಳ ಕೈಕಾಲು ನಡುಗುತ್ತವೆ. ಕಲಿಸುವವರು, ಮನೆಗೆ ಹೋಗುವುದಾದರೆ ಹೋಗು, ಇರುವುದಾದರೆ ದಂಡೆಯ ಕೆಲಸ ತೆಗೆದುಕೋ ಎಂದರು. ಅವಳು ದಂಡೆಯ ಕೆಲಸ ಆರಿಸಿಕೊಂಡು, ಆಕ್ಟೋಪಸ್ ಹಿಡಿಯುವ ಫಾತುಮಾ ಎಂಬ ಹೆಂಗಸಿನ ಮನೆಯಲ್ಲಿ ಉಳಿದಿದ್ದಾಳೆ.

"ನಿಮಗ ಗೊತ್ತಾದ್ರ ವಾಪಸ್ ಬಾ ಅಂತೀರಿ ಅಂತ ಹೇಳ್ಲಿಲ್ಲ ತಾತ," ಎಂದಳು ಸೌಜನ್ಯ. "ಅಕಿ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಅವನು ಲೆಕ್ಕ ಹಾಕುತ್ತಲೇ ಇದ್ದ. ಸೌಜನ್ಯ ಹೇಳಿದ್ದರಲ್ಲಿ ಎಷ್ಟು ನಿಜ? ಹೇಳಿಕೊಟ್ಟ ಮಾತಾದರೆ? ಆ ಫಾತುಮಾ ಯಾರು? ಊಟ ಹಾಕಿ ಇಟ್ಟುಕೊಳ್ಳಲು ಅವಳಿಗೇನು ಲಾಭ?

ಭಾನುವಾರದವರೆಗೆ ಕಾಯಲಿಲ್ಲ. ಮಾರನೆಯ ಸಂಜೆಯೇ ಗೋವರ್ಧನನ ಕೈಯಲ್ಲಿ ಫೋನು ಹಚ್ಚಿಸಿದ. ಅದೇ ಸುಣ್ಣದ ಗೋಡೆ ಕಂಡಿತು.

"ದೋಣಿ ಮಗುಚಿದ್ದು ಯಾಕೆ ಏಳ್ಲಿಲ್ಲ?" ಎಂದ.

ಹೇಮಶ್ರೀ ಅಳುತ್ತಾಳೆ ಎಂದುಕೊಂಡ, ಅವಳು ಅಳಲಿಲ್ಲ. "ಏಳಿದ್ರೆ ಇಲ್ಲಿರಕ್ಕೆ ಬಿಡ್ತಿದ್ಯಾ?" ಎಂದಳು.

"ಇಲ್ಲ."

"ಅದಕ್ಕೇ."

ಅವನು ಬೇರೆ ಕೇಳಿದ. "ಆ ಯಮ್ಮುಂದೇನು? ನಿನ್ ಕೈಲಿ ಕೆಲ್ಸ ಮಾಡಿಸ್ಕಂತಾಳಂತೆ."

ಆಗ ಅವಳು ಎಲ್ಲ ಹೇಳಿದಳು. ಆ ಊರಿನ ಹೆಂಗಸರು ಕಡಲು ಇಳಿತಕ್ಕೆ ಹೋದಾಗ ತೆರೆದುಕೊಳ್ಳುವ ಬಂಡೆಯ ಬಯಲಲ್ಲಿ ನಡೆದು, ಪೊಟರೆಗೆ ಕೋಲು ಹಾಕಿ ಆಕ್ಟೋಪಸ್ ಹಿಡಿಯುವವರು. ಮರಿಗಳು ದೊಡ್ಡವಾಗಲಿ ಎಂದು ಊರಿನ ಸಮಿತಿ ಕೆಲವು ತಿಂಗಳು ಆ ಜಾಗವನ್ನು ಮುಚ್ಚಿತ್ತು. ಮತ್ತೆ ತೆರೆದಾಗ ಎಲ್ಲರೂ ಅಂದುಕೊಂಡಷ್ಟು ಸಿಗಲಿಲ್ಲ. ಸಮಿತಿಯವರು ಹೆಂಗಸರು ಕದ್ದು ಹಿಡಿದರು ಎಂದರು. ಹೆಂಗಸರು, ಈ ಓದಿದವರೇ ಬಂದು ಏನೋ ಮಾಡಿದರು ಎಂದರು. ಯಾಕೆ ಹೀಗಾಯಿತೆಂದು ತಿಳಿದು ಬರೆಯುವುದು ಹೇಮಶ್ರೀಯ ಕೆಲಸ. ಆದರೆ ಅವಳು ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಫಾತುಮಾಳ ಮನೆಯಲ್ಲಿ ಉಳಿದು ವಾರಗಳೇ ಕಳೆದರೂ, ಅವಳು ಗೆಣಸು ಸುಲಿ, ನೀರು ತಾ ಎನ್ನುವುದು ಬಿಟ್ಟು ಬೇರೆ ಮಾತಾಡಿರಲಿಲ್ಲ.

"ನನ್ನ ನೋಡೋದು ಎಂಗೆ ಗೊತ್ತಾ ತಾತ? ಬೀಜದೋನ್ನ ನೀನು ನೋಡ್ತಿದ್ಯಲ್ಲ, ಅಂಗೆ."

"ಆ ಜಾಗದ ಪಕ್ಕದಾಗೆ ಓಟ್ಲು ಗೀಟ್ಲು ಐತಾ?" ಎಂದ ಮೂಡಲಗಿರಿಯಪ್ಪ. "ಓಟ್ಲೋರೇ ಜಾಗ ಲಪಟಾಯ್ಸಕ್ಕೆ ಮುಚ್ಚಿಸಿರ್ತಾರೆ."

"ಇಲ್ಲ ತಾತ. ಇಲ್ಲಿ ಓಟ್ಲೇ ಇಲ್ಲ."

"ಸರಿ. ಆ ಯಮ್ಮುನ್ನ ಕರಿ. ನಾನು ಮಾತಾಡ್ತೀನಿ."

ಫಾತುಮಾ ಬಂದಳು. ಅವನದೇ ವಯಸ್ಸಿನವಳು, ಅಗಲ ಮುಖ, ಹೂವಿನ ಬಟ್ಟೆ ಹೊದ್ದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಅಳೆದು ನೋಡಿದರು. ಹೇಮಶ್ರೀ ನಡುವೆ ಕೂತು, ಅಷ್ಟರಲ್ಲಿ ಕಲಿತಿದ್ದ ಅವರ ಭಾಷೆಯಲ್ಲಿ ಅತ್ತಿತ್ತ ಮಾತು ಸಾಗಿಸಿದಳು.

"ನಮ್ಮುಡುಗಿ ಕೈಲಿ ಯಾಕೆ ಕೆಲ್ಸ ಮಾಡಿಸ್ತೀಯ ಅಂತ ಕೇಳು."

ಫಾತುಮಾಳ ಉತ್ತರ ಬಂತು. ತನ್ನ ಮನೆಯಲ್ಲಿ ಉಣ್ಣುವವರೆಲ್ಲ ಸುಲಿಯುತ್ತಾರೆ, ನಿಮ್ಮ ಮನೆಯಲ್ಲಿ ಇವಳು ಏನೂ ಮಾಡುತ್ತಿರಲಿಲ್ಲವೇ ಎಂದು.

"ಮಾಡ್ತಿರ್ಲಿಲ್ಲ," ಎಂದು ಹಿಂದಿನಿಂದ ದೊಡ್ಡಕ್ಕ ಹೇಳಿದಳು.

ಈಗ ಫಾತುಮಾ ಕೇಳಿದಳು. ನಿನ್ನ ಮೊಮ್ಮಗಳು ಇಲ್ಲಿಂದ ಏನು ತೆಗೆದುಕೊಂಡು ಹೋಗುತ್ತಾಳೆ? ನಮ್ಮ ಹೆಸರು ಬರೆದು ಯಾರಿಗೆ ಕೊಡುತ್ತಾಳೆ? ನಮ್ಮ ಬಾಯಿಂದ ಬಂದ ಮಾತನ್ನು ಹಿಡಿದು ನಾಳೆ ನಮ್ಮ ಜಾಗ ಮುಚ್ಚಿದರೆ ನಿನ್ನನ್ನು ಕೇಳಲೇ?

ನಮ್ಮ ಹುಡುಗಿ ಒಳ್ಳೆಯವಳು ಎಂದು ಹೇಳಬೇಕಿತ್ತು. ಗೋವರ್ಧನ ಪಕ್ಕದಲ್ಲಿ ಹಾಗೆಂದೇ ಪಿಸುಗುಟ್ಟಿದ. ಮೂಡಲಗಿರಿಯಪ್ಪ ತಲೆ ಕೆರೆದುಕೊಂಡು, "ನಾನಾಗಿದ್ರೂ ಏಳ್ತಿರ್ಲಿಲ್ಲ ಅಂತ ಏಳವ್ವ," ಎಂದ. "ಎಸ್ರು ಬರೀಬ್ಯಾಡ. ಬರೆದಿದ್ದನ್ನ ಮೊದ್ಲು ಅವ್ರಿಗೆ ಓದಿ ಏಳು. ಅವ್ರು ಬ್ಯಾಡ ಅಂದ್ರೆ ಅರಿದಾಕು."

ಹೇಮಶ್ರೀ ತಡೆದು ತಡೆದು ಅದನ್ನು ಹೇಳಿದಳು. ಫಾತುಮಾ ನಗಲಿಲ್ಲ. ಈ ಮುದುಕನ ಮನೆಯಲ್ಲಿ ಎಷ್ಟು ದನ ಇವೆ, ಮಕ್ಕಳೆಷ್ಟು ಎಂದು ಕೇಳಿ ತಿಳಿದುಕೊಂಡು ಎದ್ದು ಹೋದಳು. ಅವನು ಫೋನು ಇಟ್ಟ ಮೇಲೂ, "ಯಮ್ಮ ಗಟ್ಟಿ. ಆದ್ರೂ ಒಂದ್ಕಣ್ಣು ಇಟ್ಟಿರು ಅಂತ ಏಳು ಅವ್ಳಿಗೆ" ಎಂದು ಮಗನಿಗೆ ಹೇಳಿದ.

ಮುಂದಿನ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಫಾತುಮಾ ತಾನಾಗಿಯೇ ಹೇಮಶ್ರೀಯನ್ನು ಬಂಡೆಯ ಬಯಲಿಗೆ ಕರೆದುಕೊಂಡು ಹೋದಳು. ಮುಚ್ಚಿದ ಜಾಗದ ಗೆರೆ ಎಲ್ಲಿತ್ತು ಎಂದು ಕೋಲಿನಿಂದ ತೋರಿಸಿದಳು. ಹೆಂಗಸರ ಕಾಲಿಗೆ ನಿಲುಕುವ ನೆಲವೆಲ್ಲ ಗೆರೆಯ ಒಳಗಿತ್ತು. ಬಂಡೆ ಮುಗಿದು ನೀರು ಆಳವಾಗುವ ಅಂಚು ಗೆರೆಯ ಆಚೆಗಿತ್ತು. ಅಲ್ಲಿ ಗಂಡಸರು ಯಂತ್ರದ ದೋಣಿಯಲ್ಲಿ ಬಂದು ಮುಳುಗಿ ಹಿಡಿಯುತ್ತಾರೆ. ಆಕ್ಟೋಪಸ್ ಬೆಳೆದಂತೆಲ್ಲ ಆಳಕ್ಕೆ ಇಳಿಯುತ್ತದೆ. ಹೆಂಗಸರು ಹಸಿದು ಕಾಯ್ದದ್ದನ್ನು ಅಂಚಿನಲ್ಲಿದ್ದವರು ಹಿಡಿದುಕೊಂಡಿದ್ದರು. ಯಾರೂ ಕದ್ದಿರಲಿಲ್ಲ, ಕದಿಯುವ ಅಗತ್ಯವೇ ಇರಲಿಲ್ಲ. ಗೆರೆ ಎಳೆದ ಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಅಂಚನ್ನು ಅಳೆಯದೆ ಇದನ್ನು ಬರೆಯುವಂತಿರಲಿಲ್ಲ. ಅಳೆಯಲು ದೋಣಿಯಲ್ಲೇ ಹೋಗಬೇಕಿತ್ತು. ಹೇಮಶ್ರೀ ಹೋದಳು. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ದಾರಿಯುದ್ದ ವಾಂತಿ ಮಾಡಿಕೊಂಡು ಹೋದಳು. ನೀರಿಗೆ ಇಳಿಯಲಿಲ್ಲ. ಸೌಜನ್ಯ ಮುಳುಗಿ ಕೂಗಿ ಹೇಳಿದ್ದನ್ನು ಅವಳು ಮೇಲೆ ಕೂತು ಬರೆದುಕೊಂಡಳು. ಬರೆದದ್ದನ್ನು ಮೊದಲು ಹೆಂಗಸರಿಗೇ ಓದಿ ಹೇಳಿದಳು. ಅವರು ಎರಡು ಕಡೆ ತೆಗೆಸಿದರು, ಒಂದು ಕಡೆ ಸೇರಿಸಿದರು. ಸಮಿತಿಯಲ್ಲಿ ದೊಡ್ಡ ಜಗಳವಾಯಿತು. ಯಂತ್ರದ ದೋಣಿಯವರು ಅವಳೊಡನೆ ಮಾತು ಬಿಟ್ಟರು. ಕೊನೆಗೆ ಮುಂದಿನ ಸಲ ಅಂಚನ್ನೂ ಸೇರಿಸಿ ಮುಚ್ಚುವುದು, ಹೆಂಗಸರನ್ನೂ ಸಭೆಗೆ ಕೂರಿಸುವುದು ಎಂದಾಯಿತು. ಅದು ನಡೆಯುತ್ತದೆಂದು ಫಾತುಮಾ ಆಗಲೂ ನಂಬಿರಲಿಲ್ಲ. "ಕೂರಿಸಿದ ಮೇಲೆ ಹೇಳ್ತೀನಿ" ಎಂದಳಂತೆ.

ಮೊಮ್ಮಗಳು ಇದನ್ನೆಲ್ಲ ಹೇಳಿದ ದಿನ ಮೂಡಲಗಿರಿಯಪ್ಪ, "ಓಟ್ಲು ಇರ್ಲೇ ಇಲ್ವಾ ಅಂಗಾದ್ರೆ" ಎಂದು ಮತ್ತೊಮ್ಮೆ ಕೇಳಿದ. ಇರಲಿಲ್ಲ ಎಂದಳು. ತಾನು ತಪ್ಪಿದೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಜಾಯಮಾನವೂ ಅವನದಲ್ಲ.

ಈಗ ಹೇಮಶ್ರೀ ಆಂಧ್ರದ ಕಡಲ ದಂಡೆಯಲ್ಲೇ, ಮೀನುಗಾರರ ಒಂದು ಹಳ್ಳಿಯಲ್ಲಿ ಕೆಲಸಕ್ಕಿದ್ದಾಳೆ. ಆಮೆಗಳು ಮೊಟ್ಟೆಯಿಡುವ ಮರಳನ್ನು ಊರವರ ಜೊತೆ ಸೇರಿ ಕಾಯುವ ಕೆಲಸ. ನೀರಿನ ಭಯ ಪೂರ್ತಿ ಹೋಗಿಲ್ಲ. ಸೌಜನ್ಯ ಮುಂದಿನ ಓದಿಗೆ ಮತ್ತೆ ಹೊರದೇಶಕ್ಕೆ ಹೋದಳು. ವೆಂಕಟಸ್ವಾಮಿ ಮೂಡಲಗಿರಿಯಪ್ಪನಿಗೆ ಆಗಾಗ ಫೋನು ಮಾಡಿ, ಮಗಳು ಹೇಳಿದ್ದನ್ನು ಹೇಳಿ, ಇದರಲ್ಲಿ ಏನಾದರೂ ಮುಚ್ಚಿಟ್ಟಿದ್ದಾಳಾ ನೋಡ್ರಿ ಎಂದು ಕೇಳುತ್ತಾನೆ.

ಕಳೆದ ಚಳಿಗಾಲದಲ್ಲಿ ಮೂಡಲಗಿರಿಯಪ್ಪ ಯಾರಿಗೂ ಹೇಳದೆ ಆ ಹಳ್ಳಿಗೆ ಹೋದ. ಮೊಮ್ಮಗಳ ಮನೆಗೆ ಹೋಗಲಿಲ್ಲ. ದಂಡೆಯ ಮೇಲೆ ಒಣಮೀನು ಹರಡುತ್ತಿದ್ದ ಹೆಂಗಸಿನ ಹತ್ತಿರ ನಿಂತು, ಇಲ್ಲಿ ಆಮೆ ಮೊಟ್ಟೆ ಕಾಯುವ ಹುಡುಗಿಯೊಬ್ಬಳು ಇದ್ದಾಳಂತಲ್ಲ, ಹೇಗಮ್ಮ ಅವಳು ಎಂದು ತೆಲುಗಿನಲ್ಲಿ ವಿಚಾರಿಸಿದ.

ಆ ಹೆಂಗಸು ನೆಟ್ಟಗೆ ನಿಂತಳು. "ನುವ್ವೆವರಯ್ಯಾ?" ಎಂದಳು. ನೀನು ಯಾರು, ಅವಳ ಸುದ್ದಿ ನಿನಗೆ ಯಾಕೆ? ಅವನು ಸುಮ್ಮನೆ ಕೇಳಿದೆ ಎಂದ. ಸುಮ್ಮನೆ ಯಾರೂ ಕೇಳುವುದಿಲ್ಲ ಎಂದು ಆಕೆ ಬಲೆ ಹೆಣೆಯುತ್ತಿದ್ದ ಇಬ್ಬರನ್ನು ಕರೆದಳು. ಅವರು ಅವನನ್ನು ನಡುವೆ ಕೂರಿಸಿಕೊಂಡು ಕೂತರು. ಮೊನ್ನೆಯಷ್ಟೇ ಮೊಟ್ಟೆ ಕದಿಯುವವರು ಬಂದಿದ್ದರಂತೆ.

ಹುಡುಗಿಗೆ ಸುದ್ದಿ ಹೋಯಿತು. ಹೇಮಶ್ರೀ ಬಿರಬಿರನೆ ಬಂದವಳು ಅವನನ್ನು ಕಂಡು ಅಲ್ಲೇ ನಿಂತಳು.

"ನಮ್ಮ ತಾತ" ಎಂದು ಅವರಿಗೆ ಹೇಳಿದಳು.

ಹೆಂಗಸು ಒಪ್ಪಲಿಲ್ಲ. ತಾತನಾದರೆ ಮನೆಗೆ ಹೋಗದೆ ಇಲ್ಲಿ ಯಾಕೆ ನಿಂತು ವಿಚಾರಿಸುತ್ತಾನೆ ಎಂದು ಕೇಳಿದಳು. ಹುಡುಗಿಯ ಊರು ಯಾವುದು, ಅವಳ ತಂದೆಯ ಹೆಸರೇನು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಅವನನ್ನೇ ಕೇಳಲು ಶುರು ಮಾಡಿದಳು. ಮೂಡಲಗಿರಿಯಪ್ಪ ಮರಳ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಡತೊಡಗಿದ.